ನವೆಂಬರಿನ ಹೂ: ಕೆಂಪೋ, ಬಿಳಿಯೋ, ಖಾದಿಯದೋ, ಇಲ್ಲ ಬರಿಯ ಕೋಟೋ?

ಅಕ್ಟೋಬರ್ ಮುಗಿಯುತ್ತಿದ್ದಂತೆ ಬ್ರಿಟನ್ನಿನ ರೈಲು ನಿಲ್ದಾಣಗಳಲ್ಲಿ, ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಒಂದು ಪುಟ್ಟ ಮೇಜು ಬಂದು ಕೂರುತ್ತದೆ. ಮೇಜಿನ ಹಿಂದೆ ಎದೆಯ ಮೇಲೆ ಪದಕ ಧರಿಸಿದ ಒಬ್ಬ ಹಿರಿಯರು. ಮುಂದೆ ಕಾಸಿನ ಡಬ್ಬಿ, ತಟ್ಟೆಯ ತುಂಬ ಕೆಂಪು ಕಾಗದದ ಹೂ. ಇದೇ ಪಾಪ್ಪಿ: ಮೊದಲ ಮಹಾಯುದ್ಧ ಮುಗಿದ ನವೆಂಬರ್ 11ರ ಸುತ್ತ, ಯುದ್ಧಗಳಲ್ಲಿ ಸತ್ತ ಸೈನಿಕರ ನೆನಪಿಗೆ ಧರಿಸುವ ಹೂ. ಯಾರೂ ಕೂಗಿ ಕರೆಯುವುದಿಲ್ಲ. ಆದರೂ ಒಂದು ವಾರ ಕಳೆಯುವಷ್ಟರಲ್ಲಿ ಆಫೀಸಿನಲ್ಲಿ, ಬಸ್ಸಿನಲ್ಲಿ, ಟಿವಿಯಲ್ಲಿ ಕಂಡಕಂಡವರ ಕೋಟಿನ ಮೇಲೆಲ್ಲ ಅದೇ ಹೂ ಇದ್ದಂತೆ, ನಮ್ಮ ಕೋಟು ಮಾತ್ರ ಬೋಳಾಗಿರುವಂತೆ ಅನ್ನಿಸತೊಡಗುತ್ತದೆ.

ಇಲ್ಲಿಗೆ ಬಂದ ಮೊದಲ ವರ್ಷ ನಾನು ಆ ಮುಜುಗರಕ್ಕೇ ಒಂದು ಹೂ ತಗೊಂಡು ಚುಚ್ಚಿಕೊಂಡೆ. ಅದೇ ವಾರ ಊರಿನ ಗೆಳೆಯನೊಬ್ಬ ನೋಡಿ, "ಏನೋ, ನೀನೂ ಬ್ರಿಟಿಷರ ಹೂ ಮುಡ್ಕೊಂಡ್ಯಾ?" ಅಂದ. ಮರುದಿನ ತೆಗೆದಿಟ್ಟು ಕೆಲಸಕ್ಕೆ ಹೋದೆ. ಪಕ್ಕದ ಮೇಜಿನವರು, "ನಿಮ್ಮ ಪಾಪ್ಪಿ ಎಲ್ಲಿ?" ಎಂದರು. ಎರಡು ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಕಿಕೊಂಡದ್ದೂ ಬೇರೆಯವರ ಕಣ್ಣಿಗಾಗಿ, ತೆಗೆದದ್ದೂ ಬೇರೆಯವರ ಕಣ್ಣಿಗಾಗಿ. ಈಗ ಪ್ರತಿ ವರ್ಷ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಅದೇ ಗೊಂದಲ ಹೊತ್ತುಕೊಂಡು ಬರುತ್ತಾರೆ. ಅವರ ಮುಂದಿರುವ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಇದನ್ನು ಬರೆಯುತ್ತಿದ್ದೇನೆ. (ಕನ್ನಡದಲ್ಲಿ ಒಂದೇ 'ಪ' ಬರೆದರೆ ಅದು ಬೇರೆಯೇ ಪದವಾಗುತ್ತದೆ. ಅದಕ್ಕೇ ಪಾಪ್ಪಿ ಎಂದು ಬರೆದಿದ್ದೇನೆ.)

ಕೆಂಪು ಹೂ

ಮೊದಲು ಹೂವನ್ನೇ ನೋಡೋಣ. ಇದು ನಮ್ಮ ಪಾಯಸದ ಗಸಗಸೆಯ ಗಿಡವಲ್ಲ, ಅದರ ದಾಯಾದಿ. ಯುರೋಪಿನ ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕಾಡು ಗಸಗಸೆ. ಇದರ ಬೀಜ ಮಣ್ಣಿನೊಳಗೆ ಎಷ್ಟೋ ವರ್ಷ ಸುಮ್ಮನೆ ಮಲಗಿರಬಲ್ಲದು. ಯಾರಾದರೂ ನೆಲ ಕೆದಕಿ ಬೆಳಕು ತಾಗಿದಾಗ ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ನೆಲವನ್ನು ಫಿರಂಗಿ ಗುಂಡುಗಳು ಉತ್ತು ಹಾಕಿದವು, ಗೋರಿಗಳನ್ನೂ ಅಲ್ಲೇ ತೋಡಿದರು. ಹಾಗೆ ಕದಡಿದ ಮಣ್ಣಿನಲ್ಲಿ ಈ ಹೂ ಕೆಂಪಗೆ ಎದ್ದು ನಿಂತಿತು. 1915ರ ಮೇ ತಿಂಗಳಲ್ಲಿ ಈಪ್ರ್ ಪಟ್ಟಣದ ಬಳಿ ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ ತನ್ನ ಗೆಳೆಯ ಅಲೆಕ್ಸಿಸ್ ಹೆಲ್ಮರ್ ಸತ್ತ ನೋವಿನಲ್ಲಿ ಆ ಹೂಗಳ ಬಗ್ಗೆ ಒಂದು ಕವನ ಬರೆದರು. ಯುದ್ಧ ಮುಗಿಯುವ ಮೊದಲೇ, 1918ರ ಜನವರಿಯಲ್ಲಿ, ಅವರೂ ತೀರಿಕೊಂಡರು.

ಹೂ ಎದೆಗೇರಿದ್ದು ಇಬ್ಬರು ಹೆಂಗಸರಿಂದ. ಅಮೆರಿಕದ ಮೊಯ್ನಾ ಮೈಕೇಲ್ ಆ ಕವನ ಓದಿ, ಇನ್ನು ಮುಂದೆ ಸದಾ ಕೆಂಪು ಪಾಪ್ಪಿ ಧರಿಸುತ್ತೇನೆ ಎಂದು 1918ರ ನವೆಂಬರಿನಲ್ಲಿ ತೀರ್ಮಾನಿಸಿದರು. ಫ್ರಾನ್ಸಿನ ಆನಾ ಗೆರಾಂ ಬಟ್ಟೆಯ ಹೂ ಮಾಡಿಸಿ ಮಾರಿ, ಆ ಹಣದಿಂದ ಯುದ್ಧದಲ್ಲಿ ನೊಂದವರಿಗೆ ನೆರವಾಗಬಹುದೆಂದು ತೋರಿಸಿದರು, 1921ರಲ್ಲಿ ಲಂಡನ್ನಿಗೂ ಬಂದರು. ಅದೇ ವರ್ಷ ಹುಟ್ಟಿದ್ದ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆ ಆ ನವೆಂಬರಿನಲ್ಲಿ 90 ಲಕ್ಷ ಹೂ ಮಾರಿ 1,06,000 ಪೌಂಡ್ ಕೂಡಿಸಿತು. ಮರುವರ್ಷ ಮೇಜರ್ ಜಾರ್ಜ್ ಹೌಸನ್ ಲಂಡನ್ನಿನಲ್ಲಿ ಪಾಪ್ಪಿ ಕಾರ್ಖಾನೆ ತೆರೆದು, ಕೈಕಾಲು ಕಳೆದುಕೊಂಡ ಸೈನಿಕರಿಗೇ ಹೂ ಕಟ್ಟುವ ಕೆಲಸ ಕೊಟ್ಟರು. ಒಂದು ಕೈಯಿದ್ದವರೂ ಜೋಡಿಸಬಹುದಾದಷ್ಟು ಸರಳವಾಗಿರಬೇಕು ಎಂಬುದೇ ಆ ಹೂವಿನ ವಿನ್ಯಾಸದ ಮೂಲ. ಇದು ತಿಳಿದ ಮೇಲೆ ಆ ಕಾಗದದ ಚೂರನ್ನು ನಾನು ನೋಡುವ ಬಗೆಯೇ ಬದಲಾಯಿತು.

ಕೈಯಲ್ಲಿ ಹಿಡಿದು ನೋಡಿ. ಇಂಗ್ಲೆಂಡಿನದಾದರೆ ಎರಡು ಕೆಂಪು ಎಸಳು, ಒಂದು ಹಸಿರೆಲೆ, ನಡುವೆ ಕಪ್ಪು ಬೊಟ್ಟು. ಸ್ಕಾಟ್ಲೆಂಡಿನದಕ್ಕೆ ನಾಲ್ಕು ಎಸಳು, ಎಲೆಯಿಲ್ಲ. 2023ರಿಂದ ಪ್ಲಾಸ್ಟಿಕ್ ಬಿಟ್ಟು ಪೂರ್ತಿ ಕಾಗದದಲ್ಲಿ ಮಾಡಿದ ಹೂವೂ ಬಂದಿದೆ. ನಡುವಿನ ಕಪ್ಪು ಬೊಟ್ಟಿನ ಮೇಲೆ ಈಗ 'ಪಾಪ್ಪಿ ಅಪೀಲ್' ಎಂದಿರುತ್ತದೆ. 1994ರವರೆಗೆ ಅಲ್ಲಿ ಇದ್ದದ್ದು 'ಹೇಗ್ ಫಂಡ್'. ಈ ಹೇಗ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೋಮ್ ಕದನ ನಡೆಸಿದ ಬ್ರಿಟಿಷ್ ಸೇನಾಪತಿ. 1916ರ ಜುಲೈ 1ರಂದು, ಒಂದೇ ದಿನದಲ್ಲಿ, ಅವರ ಸೇನೆಯ 19,240 ಮಂದಿ ಸತ್ತರು. ಅಂಥವರ ಹೆಸರನ್ನು ಎದೆಯ ಮೇಲೆ ಹೊರಲು ಎಷ್ಟೋ ಮನೆಗಳವರಿಗೆ ಮನಸ್ಸಾಗಲಿಲ್ಲ. ಅದೇ ಹೇಗ್ ಯುದ್ಧದ ನಂತರದ ವರ್ಷಗಳನ್ನು ಮಾಜಿ ಸೈನಿಕರ ನೆರವಿಗೇ ಮುಡಿಪಿಟ್ಟರು ಎಂಬುದೂ ನಿಜ. ಈ ಎರಡು ಮಾತನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ಕಷ್ಟ, ಆದರೆ ಯೋಚಿಸಬೇಕು.

ಇವತ್ತು ಕೆಂಪು ಹೂ ಏನು ಹೇಳುತ್ತದೆ? ಎರಡು ಮಹಾಯುದ್ಧಗಳಲ್ಲಿ ಸತ್ತವರನ್ನಷ್ಟೇ ನೆನೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಲೀಜನ್ ಸಂಸ್ಥೆಯ ನೆರವು ಮತ್ತು ಸ್ಮರಣೆ ಎರಡೂ ಫಾಕ್‌ಲ್ಯಾಂಡ್ಸ್, ಉತ್ತರ ಐರ್ಲೆಂಡ್, ಇರಾಕ್, ಅಫ್ಘಾನಿಸ್ತಾನದವರೆಗೆ ಬರುತ್ತವೆ. ಹಣ ಹೋಗುವುದು ಬದುಕಿರುವ ಸೈನಿಕರಿಗೆ ಮತ್ತು ಅವರ ಮನೆಯವರಿಗೆ: ಗಾಯಗೊಂಡವರ ಚೇತರಿಕೆಗೆ, ಮನಸ್ಸು ಕುಸಿದವರಿಗೆ, ಮನೆ ಬಾಡಿಗೆ ಕಟ್ಟಲಾಗದವರಿಗೆ. ಈ ಹೂ ಯುದ್ಧವನ್ನು ಹೊಗಳುವುದಲ್ಲ, ಯಾವ ಪಕ್ಷದ್ದೂ ಯಾವ ಧರ್ಮದ್ದೂ ಅಲ್ಲ ಎಂದು ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ. ಧರಿಸುವುದು ಬಿಡುವುದು ಅವರವರ ಇಷ್ಟ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಹೂ ಮಾರುವವರೇ ಒತ್ತಾಯ ಮಾಡುತ್ತಿಲ್ಲ ಅಂದಮೇಲೆ ಪಕ್ಕದ ಮೇಜಿನವರಿಗೆ ಆ ಹಕ್ಕು ಎಲ್ಲಿಂದ ಬಂತು?

"ಅದು ನಮ್ಮ ಯುದ್ಧವೇ?"

ನನ್ನ ಗೆಳೆಯನ ಮಾತಿನ ಹಿಂದಿದ್ದದ್ದು ಈ ಪ್ರಶ್ನೆ. ತಳ್ಳಿಹಾಕುವಂಥದ್ದಲ್ಲ. ಮೊದಲ ಮಹಾಯುದ್ಧಕ್ಕೆ ಅವಿಭಜಿತ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋದರು. 74,000ದಷ್ಟು ಮಂದಿ ಹಿಂದಿರುಗಲಿಲ್ಲ. ಎರಡನೆಯದಕ್ಕೆ ಹೋದವರು 25 ಲಕ್ಷ, ಸತ್ತವರು 87,000. ಫ್ರಾನ್ಸಿನ ನೋವ್ ಶಪೆಲ್ ಎಂಬ ಊರಿನ ಸ್ಮಾರಕದ ಗೋಡೆಯ ಮೇಲೆ, ಗೋರಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರುಗಳಿವೆ. ಇಂಗ್ಲೆಂಡಿನಲ್ಲೇ, ಬ್ರೈಟನ್ನಿನ ಹೊರಗಿನ ಗುಡ್ಡದ ಮೇಲೆ, ಅಲ್ಲಿನ ಆಸ್ಪತ್ರೆಗಳಲ್ಲಿ ಸತ್ತ 53 ಹಿಂದೂ ಮತ್ತು ಸಿಖ್ ಸೈನಿಕರಿಗೆ ಬೆಂಕಿ ಇಟ್ಟ ಜಾಗದಲ್ಲಿ ಬಿಳಿ ಅಮೃತಶಿಲೆಯ 'ಛತ್ರಿ' ಎಂಬ ಗುಮ್ಮಟದ ಸ್ಮಾರಕ ಇದೆ. ದಾರಿಯಲ್ಲಿ ಗಾಡಿ ಹೋಗುವುದಿಲ್ಲ, ಕುರಿ ಮೇಯುವ ಹುಲ್ಲಿನಲ್ಲಿ ನಡೆದೇ ಹೋಗಬೇಕು. ಬ್ರಿಟನ್ನಿನಲ್ಲಿರುವ ಕನ್ನಡಿಗರು ಒಮ್ಮೆ ಹೋಗಿ ಬನ್ನಿ.

ಕನ್ನಡ ನಾಡಿನವರೂ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1914ರಲ್ಲೇ ಈಜಿಪ್ಟಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡದ್ದು ಜೋಧಪುರ ಮತ್ತು ಮೈಸೂರಿನ ಸವಾರರು. ಎದುರಿಗೆ ಮೆಷಿನ್ ಗನ್ನು, ಇವರ ಕೈಯಲ್ಲಿ ಈಟಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಅಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ಪಡೆಯ ಸ್ಮಾರಕ ಇದೆ. ಪಕ್ಕದಲ್ಲೇ ಬಸ್ಸು ಹತ್ತಿ ಇಳಿದ ಎಷ್ಟೋ ಜನರಿಗೆ ಅದು ಯಾವ ಕಲ್ಲು ಎಂದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಲಂಡನ್ನಿಗೆ ಬಂದು ಪಾಪ್ಪಿಯ ಕಥೆ ಓದುವವರೆಗೆ. ಇನ್ನು ಕೊಡಗಿನವರಿಗೆ ಇದನ್ನೆಲ್ಲ ಬೇರೆಯಾಗಿ ಹೇಳಬೇಕಿಲ್ಲ, ಅಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಸಮವಸ್ತ್ರದ ಅಜ್ಜನ ಪಟ ಇರುತ್ತದೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಯುದ್ಧ ಮುಗಿದು ಐದು ತಿಂಗಳಾಗಿತ್ತು, ಅಷ್ಟೇ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಅದೇ ಸಾಮ್ರಾಜ್ಯದ ಸೇನೆ ನಿರಾಯುಧ ಜನರ ಮೇಲೆ ಗುಂಡು ಹಾರಿಸಿತು. ಯಾರ ಅಣ್ಣತಮ್ಮಂದಿರು ಫ್ರಾನ್ಸಿನಲ್ಲಿ ಸತ್ತಿದ್ದರೋ ಆ ಪಂಜಾಬಿನಲ್ಲೇ. ಇದನ್ನು ಮರೆಯಲಾರೆ, ಅದಕ್ಕೇ ಆ ಹೂ ಬೇಡ ಎನ್ನುವ ಭಾರತೀಯನನ್ನು ನಾನು ಕೃತಘ್ನ ಎಂದು ಕರೆಯಲಾರೆ. ಸತ್ತ ಸಿಪಾಯಿಗೂ ಅವನನ್ನು ಕಳಿಸಿದ ಸರ್ಕಾರಕ್ಕೂ ವ್ಯತ್ಯಾಸ ಇದೆ, ಸಿಪಾಯಿಯನ್ನು ನೆನೆಯುತ್ತೇನೆ ಎನ್ನುವವನನ್ನು ಬ್ರಿಟಿಷರ ಬಾಲ ಎನ್ನುವುದೂ ಅಷ್ಟೇ ತಪ್ಪು.

2018ರಲ್ಲಿ, ಯುದ್ಧ ಮುಗಿದು ನೂರು ವರ್ಷವಾದಾಗ, ಲೀಜನ್ ಸಂಸ್ಥೆ ಖಾದಿ ಪಾಪ್ಪಿಯನ್ನು ಹೊರತಂದಿತು. ಭಾರತೀಯ ಮೂಲದ ಲಾರ್ಡ್ ಜಿತೇಶ್ ಗಢಿಯಾ ಇದರ ಹಿಂದೆ ನಿಂತವರು. ಆಕಾರ ಅದೇ, ಎಸಳು ಮಾತ್ರ ಖಾದಿಯದು. ಅವಿಭಜಿತ ಭಾರತದ ಸೈನಿಕರನ್ನು ಎತ್ತಿ ಹೇಳುವ ಹೂ. ಖಾದಿ ಬ್ರಿಟಿಷರ ವಿರುದ್ಧ ಎತ್ತಿ ಹಿಡಿದ ಬಟ್ಟೆಯಲ್ಲವೇ, ಬ್ರಿಟಿಷ್ ಸೇನೆಯ ನೆನಪಿಗೆ ಅದನ್ನು ತಂದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಮೊದಲು ನನಗೂ ಹಾಗೇ ಅನ್ನಿಸಿತ್ತು. ಆದರೆ ಗಾಂಧೀಜಿಯವರೇ 1914ರಲ್ಲಿ ಲಂಡನ್ನಿನಲ್ಲಿ ಗಾಯಾಳುಗಳ ಸೇವೆಗೆ ಭಾರತೀಯರ ತಂಡ ಕಟ್ಟಿದರು, 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೇನೆಗೆ ಜನ ಸೇರಿಸಲು ಊರೂರು ನಡೆದರು. ನಮ್ಮ ಚರಿತ್ರೆ ಅಷ್ಟು ನೇರವಾಗಿಲ್ಲ. ಹಾಗಾಗಿ ನಮ್ಮವರನ್ನು ನೆನೆಯಬೇಕು ಎಂಬುದೇ ನಿಮ್ಮ ಮುಖ್ಯ ಕಾರಣವಾದರೆ, ಮಾಮೂಲಿ ಕೆಂಪು ಹೂವಿಗಿಂತ ಖಾದಿಯದು ಮೇಲು. ನೋಡಿದವರು "ಇದು ಯಾಕೆ ಬೇರೆ ಥರ ಇದೆ?" ಎಂದು ಕೇಳುತ್ತಾರೆ, ಆಗ ಹೈಫಾದ ಕಥೆ ಹೇಳಬಹುದು.

ಭಾರತದಲ್ಲಿ ಇದ್ದು ಇದನ್ನು ಓದುತ್ತಿರುವವರಿಗೆ ಇನ್ನೂ ಹತ್ತಿರದ್ದೊಂದಿದೆ. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಎಂಬ ಸೇನಾ ಅಧ್ಯಯನ ಸಂಸ್ಥೆ ಪಾಪ್ಪಿಯ ಬದಲು ಚೆಂಡುಹೂವನ್ನು ಸ್ಮರಣೆಯ ಗುರುತಾಗಿ ಮುಂದಿಟ್ಟಿತು. ಎಲ್ಲೆಡೆ ಸಿಗುವ ಹೂ, ತ್ಯಾಗದ ಕೇಸರಿ ಬಣ್ಣ. ಅದಕ್ಕಿಂತ ಹಳೆಯದು ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆಯುತ್ತಿದೆ. ಶಾಲೆಯಲ್ಲಿ ಮೇಷ್ಟ್ರು ಕೊಟ್ಟ ಕೆಂಪು, ಕಡುನೀಲಿ, ತಿಳಿನೀಲಿಯ ಪುಟ್ಟ ಕಾಗದದ ಬಾವುಟವನ್ನು ಅಂಗಿಗೆ ಗುಂಡುಪಿನ್ನಿನಿಂದ ಚುಚ್ಚಿಕೊಂಡದ್ದು ನೆನಪಿದೆಯೇ? ಪಾಪ್ಪಿ ಮಾಡುವುದೂ ಅದೇ ಕೆಲಸ: ಸ್ವಲ್ಪ ಹಣ, ಸ್ವಲ್ಪ ನೆನಪು.

ಬಿಳಿ ಹೂ

ಬಿಳಿ ಪಾಪ್ಪಿ ಕೆಂಪಿಗೆ ಎದುರಾಳಿಯಾಗಿ ನಿನ್ನೆ ಮೊನ್ನೆ ಹುಟ್ಟಿದ್ದು ಎಂದು ಬೈಯುವವರಿಗೆ ಅದರ ವಯಸ್ಸು ತಿಳಿದಿಲ್ಲ. 1933ರಲ್ಲಿ ಸಹಕಾರಿ ಮಹಿಳಾ ಸಂಘದ ಹೆಂಗಸರು ಇದನ್ನು ಮೊದಲು ಮಾಡಿದರು. ಆ ಸಂಘದಲ್ಲಿ ಯುದ್ಧದಲ್ಲಿ ಗಂಡ, ಮಗ, ತಮ್ಮಂದಿರನ್ನು ಕಳೆದುಕೊಂಡವರಿದ್ದರು. ಸತ್ತವರಿಗೆ ತಲೆಬಾಗುತ್ತೇವೆ, ಇನ್ನೊಂದು ಯುದ್ಧ ಬೇಡ ಎಂದೂ ಹೇಳುತ್ತೇವೆ ಎಂಬುದು ಅವರ ಮಾತು. ಆ ಹೂ ಧರಿಸಿದ್ದಕ್ಕೆ ಕೆಲಸ ಕಳೆದುಕೊಂಡವರೂ ಇದ್ದರು. ಆರು ವರ್ಷದಲ್ಲಿ ಇನ್ನೊಂದು ಯುದ್ಧ ಬಂದೇ ಬಂತು.

ಈಗ ಅದನ್ನು ಹಂಚುವುದು ಪೀಸ್ ಪ್ಲೆಡ್ಜ್ ಯೂನಿಯನ್ ಎಂಬ ಶಾಂತಿವಾದಿ ಸಂಸ್ಥೆ. ಈ ಹೂ ಸೈನಿಕರ ಜೊತೆಗೆ ಸಾಮಾನ್ಯ ಜನರನ್ನೂ, ಎಲ್ಲ ದೇಶದ ಎಲ್ಲ ಬಲಿಗಳನ್ನೂ ನೆನೆಯುತ್ತದೆ. ಕೆಂಪು ಹೂ ಬ್ರಿಟನ್ ಮತ್ತು ಕಾಮನ್‌ವೆಲ್ತ್ ಪಡೆಗಳ ಕಡೆ ನೋಡಿದರೆ, ಬಿಳಿಯದು ಗಡಿಯ ಆಚೆಗೂ ನೋಡುತ್ತದೆ, ಜೊತೆಗೆ ಯುದ್ಧವನ್ನು ವೈಭವೀಕರಿಸುವುದನ್ನು ವಿರೋಧಿಸುತ್ತದೆ. ಹಾಗಾಗಿ ಇದು ಬರಿಯ ಸ್ಮರಣೆಯ ಹೂವಲ್ಲ, ಒಂದು ನಿಲುವಿನ ಹೂ. ಧರಿಸುವವರು ಅದನ್ನು ಒಪ್ಪಿಯೇ ಧರಿಸಬೇಕು. ಮತ್ತೊಂದು ಮಾತು: ಬಿಳಿ ಹೂವಿನ ಹಣ ಮಾಜಿ ಸೈನಿಕರಿಗೆ ಹೋಗುವುದಿಲ್ಲ, ಶಾಂತಿಯ ಪ್ರಚಾರಕ್ಕೆ, ಶಿಕ್ಷಣಕ್ಕೆ ಹೋಗುತ್ತದೆ. ಕೆಂಪು ಹೂವಿನ ನಿಲುವು ಹಿಡಿಸದೆ ಬಿಳಿಗೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ಸ್ಟೇಷನ್ನಿನ ಡಬ್ಬಿಗೂ ಒಂದಿಷ್ಟು ಹಾಕಿ ಬನ್ನಿ. ಗಾಲಿಕುರ್ಚಿಯಲ್ಲಿ ಕೂತಿರುವ ಇಪ್ಪತ್ತೈದರ ಹುಡುಗ ಆ ಯುದ್ಧವನ್ನು ಶುರುಮಾಡಿದವನಲ್ಲ.

1986ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸಂಸತ್ತಿನಲ್ಲೇ ಬಿಳಿ ಹೂವಿನ ಬಗ್ಗೆ ತೀವ್ರ ಬೇಸರ ತೋಡಿಕೊಂಡಿದ್ದರು. ಆದರೆ ಲೀಜನ್ ಸಂಸ್ಥೆಗೆ ಅದರ ಬಗ್ಗೆ ತಕರಾರಿಲ್ಲ. ಕೆಂಪು ಬಿಳಿ ಎರಡನ್ನೂ ಒಟ್ಟಿಗೆ ಧರಿಸಿದರೂ ವಿರೋಧವಿಲ್ಲ ಎಂದೇ ಅದು ಹೇಳಿದೆ. ಒಂದೇ ಮೇಜಿನ ಮೇಲೆ ಎರಡನ್ನೂ ಇಟ್ಟು ಹಂಚಬೇಡಿ ಎಂಬುದಷ್ಟೇ ಅದರ ಕೋರಿಕೆ.

ನೇರಳೆ, ಕಪ್ಪು

ಇವೆರಡು ಚಿಕ್ಕ ಗುಂಪುಗಳ ಹೂ. ನೇರಳೆಯದು ಯುದ್ಧದಲ್ಲಿ ಸತ್ತ ಪ್ರಾಣಿಗಳಿಗೆ. 2006ರಲ್ಲಿ ಆನಿಮಲ್ ಏಡ್ ಎಂಬ ಸಂಸ್ಥೆ ಶುರುಮಾಡಿತು. ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಕುದುರೆ, ಹೇಸರಗತ್ತೆಗಳು ಸತ್ತವು. ಲಂಡನ್ನಿನ ಹೈಡ್ ಪಾರ್ಕ್ ಪಕ್ಕದ ಸ್ಮಾರಕದ ಮೇಲೆ, ಅವಕ್ಕೆ ಆಯ್ಕೆಯೇ ಇರಲಿಲ್ಲ ಎಂದು ಕೆತ್ತಿದ್ದಾರೆ. ಆ ಸಂಸ್ಥೆ ಮುಂದೆ ಹೂವಿನ ಬದಲು ನೇರಳೆ ಪಂಜದ ಬ್ಯಾಡ್ಜಿಗೆ ಬದಲಾಯಿತು: ಪ್ರಾಣಿಗಳನ್ನು ವೀರರೆಂದು ಹೊಗಳಿದಂತಾಗುತ್ತಿದೆ, ಅವು ಬಲಿಗಳು ಎಂಬುದು ಮಸುಕಾಗುತ್ತಿದೆ ಎಂಬ ಆತಂಕದಿಂದ. ಕಪ್ಪು ಗುಲಾಬಿಯಂಥ ಪಾಪ್ಪಿ 2010ರಲ್ಲಿ ಬಂದದ್ದು, ಆಫ್ರಿಕಾ, ಕೆರಿಬಿಯನ್ ಮತ್ತು ಪೆಸಿಫಿಕ್ ದ್ವೀಪಗಳ ಜನರ ಪಾಲನ್ನು ನೆನೆಯಲು. ಆ ನೆನಪಿಗೆ ನಿಮ್ಮ ಮನಸ್ಸು ಮಿಡಿದರೆ ಧರಿಸಿ. ಎರಡನ್ನೂ ಕೆಂಪಿನ ಜೊತೆಗೇ ಹಾಕಿಕೊಳ್ಳುವವರು ಬಹಳ ಜನ.

ಯಾವ ಹೂವೂ ಬೇಡ

ಇದೂ ಒಂದು ಆಯ್ಕೆ. ಎಲ್ಲಕ್ಕಿಂತ ಹೆಚ್ಚು ಬೈಗುಳ ತಿನ್ನುವ ಆಯ್ಕೆ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಫುಟ್ಬಾಲ್ ಆಟಗಾರ ಜೇಮ್ಸ್ ಮೆಕ್ಲೀನ್ ಉತ್ತರ ಐರ್ಲೆಂಡಿನ ಡೆರ್ರಿ ಊರಿನವರು, ಬೆಳೆದದ್ದು ಕ್ರೆಗನ್ ಎಂಬ ಬಡಾವಣೆಯಲ್ಲಿ. 1972ರ ಜನವರಿ 30ರಂದು ಡೆರ್ರಿಯಲ್ಲಿ ಮೆರವಣಿಗೆ ಹೊರಟವರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದಾಗ 13 ಮಂದಿ ಅಂದೇ ಸತ್ತರು, ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಸತ್ತವರಲ್ಲಿ ಕ್ರೆಗನ್ನಿನವರೂ ಇದ್ದರು. ಮೆಕ್ಲೀನ್ ಪಾಪ್ಪಿ ಇರುವ ಅಂಗಿ ತೊಡುವುದಿಲ್ಲ ಎಂದಾಗ ಕ್ರೀಡಾಂಗಣಗಳಲ್ಲಿ ಕೂಗಾಡಿದರು, ಕೊಲೆ ಬೆದರಿಕೆ ಬಂತು. 2014ರಲ್ಲಿ ಅವರು ತಮ್ಮ ಕ್ಲಬ್ಬಿನ ಮಾಲೀಕರಿಗೆ ಬಹಿರಂಗ ಪತ್ರ ಬರೆದರು. ಅದರ ಸಾರ ಇದು: ಆ ಹೂ ಎರಡು ಮಹಾಯುದ್ಧಗಳಿಗೆ ಮಾತ್ರ ಸೇರಿದ್ದಾಗಿದ್ದರೆ ವರ್ಷದ ಎಲ್ಲ ದಿನವೂ ಧರಿಸುತ್ತಿದ್ದೆ, ಆದರೆ ಅದು 1945ರ ನಂತರದವಕ್ಕೂ ಸೇರಿದ್ದು, ನನ್ನ ಊರಿನವರ ಮುಂದೆ ಅದನ್ನು ತೊಡಲಾರೆ. ಆ ಪತ್ರದಲ್ಲಿ ಸತ್ತ ಸೈನಿಕರ ಬಗ್ಗೆ ಒಂದು ಅಗೌರವದ ಮಾತಿಲ್ಲ.

ಹಾಗೆಂದು ಅದೇ ಉತ್ತರ ಐರ್ಲೆಂಡಿನ ಇನ್ನೊಂದು ಗಾಯವನ್ನು ಮರೆಯಬಾರದು. 1987ರ ನವೆಂಬರ್ 8, ಸ್ಮರಣೆಯ ಭಾನುವಾರ, ಅಂದರೆ ಸತ್ತ ಸೈನಿಕರನ್ನು ನೆನೆಯಲು ಜನ ಸೇರುವ ನವೆಂಬರಿನ ಎರಡನೆಯ ಭಾನುವಾರ. ಎನ್ನಿಸ್ಕಿಲನ್ ಎಂಬ ಊರಿನಲ್ಲಿ ಯುದ್ಧ ಸ್ಮಾರಕದ ಬಳಿ ಸೇರಿದ್ದವರ ಮೇಲೆ, ಬ್ರಿಟಿಷ್ ಆಡಳಿತದ ವಿರುದ್ಧ ಹೋರಾಡುತ್ತಿದ್ದ ಐಆರ್‌ಎ ಎಂಬ ಸಶಸ್ತ್ರ ಗುಂಪು ಬಾಂಬ್ ಸಿಡಿಸಿತು, 11 ಜನ ಸತ್ತರು. ಅಲ್ಲಿಯ ಮನೆಯೊಂದರಲ್ಲಿ ಪಾಪ್ಪಿ ಎಂದರೆ ಅಪ್ಪ, ಅಮ್ಮ. ಮೆಕ್ಲೀನ್ ಬೆಳೆದ ಬೀದಿಯಲ್ಲಿ ಅದೇ ಹೂ ಎಂದರೆ ಗುಂಡು. ಬೆಲ್‌ಫಾಸ್ಟ್‌ಗೋ ಡೆರ್ರಿಗೋ ಕೆಲಸಕ್ಕೆ ಹೋಗುವ ನಮ್ಮವರು ಹೂ ಚುಚ್ಚಿಕೊಳ್ಳುವ ಮೊದಲು ಸ್ಥಳೀಯ ಸಹೋದ್ಯೋಗಿಗಳನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಇನ್ನೊಂದು ಬಗೆಯ ನಿರಾಕರಣೆ ಪತ್ರಕರ್ತರದು. ಚಾನೆಲ್ 4ರ ಸುದ್ದಿ ಓದುತ್ತಿದ್ದ ಜಾನ್ ಸ್ನೋ ಪರದೆಯ ಮೇಲೆ ಯಾವ ಗುರುತನ್ನೂ ಧರಿಸುತ್ತಿರಲಿಲ್ಲ. 2006ರಲ್ಲಿ ಜನ ಮುಗಿಬಿದ್ದಾಗ ಅವರು ಆ ಒತ್ತಾಯವನ್ನು 'ಪಾಪ್ಪಿ ಫ್ಯಾಸಿಸಂ' ಎಂದು ಕರೆದರು. ಕೆಲಸ ಮುಗಿದ ಮೇಲೆ ಅವರೂ ಹೂ ಹಾಕಿಕೊಳ್ಳುತ್ತಿದ್ದರು. ಐಟಿವಿಯ ಶಾರ್ಲಿನ್ ವೈಟ್ ಕೂಡ ಅದೇ ಕಾರಣಕ್ಕೆ ಪರದೆಯ ಮೇಲೆ ಧರಿಸುವುದಿಲ್ಲ. ಅವರಿಗೆ ಬಂದ ಬೈಗುಳದಲ್ಲಿ ಬಣ್ಣದ ದ್ವೇಷವೂ ಸೇರಿತ್ತು. ಸತ್ತವರ ಹೆಸರಿನಲ್ಲಿ ಬದುಕಿರುವವರನ್ನು ಹೀಗೆ ನೋಯಿಸುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಒತ್ತಾಯದ ಉತ್ತರ ಸಿಟ್ಟಿನ ನಿರಾಕರಣೆಯೂ ಆಗಬೇಕಿಲ್ಲ. 2010ರಲ್ಲಿ ಚೀನಾಕ್ಕೆ ಹೋದ ಪ್ರಧಾನಿ ಡೇವಿಡ್ ಕ್ಯಾಮರೂನ್ ಮತ್ತು ಅವರ ಜೊತೆಗಾರರಿಗೆ ಅಲ್ಲಿನ ಅಧಿಕಾರಿಗಳು ಹೂ ತೆಗೆಯಲು ಹೇಳಿದರು. ಗಸಗಸೆಯ ಗಿಡದಿಂದ ಬರುವ ಅಫೀಮಿಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ ನಡೆಸಿದ ಅಫೀಮು ಯುದ್ಧಗಳ ನೆನಪಿರುವ ದೇಶಕ್ಕೆ ಆ ಹೂವಿನ ಅರ್ಥ ಬೇರೆ. ಬ್ರಿಟಿಷರು ತೆಗೆಯಲಿಲ್ಲ. ಎರಡೂ ಕಡೆಯವರಿಗೆ ತಮ್ಮ ತಮ್ಮ ಸತ್ತವರಿದ್ದರು. ಹೂ ಒಂದೇ, ನೆಲ ಬೇರೆಯಾದರೆ ಅದು ಹೇಳುವುದೂ ಬೇರೆ.

ಹಾಗಾದರೆ ನೀವು?

ಮನೆಯಲ್ಲಿ ಸೇನೆಯವರಿದ್ದರೆ, ಅಥವಾ ಬದುಕಿರುವ ಸೈನಿಕರಿಗೆ ನೆರವಾಗಬೇಕು ಎಂಬುದೇ ಮನಸ್ಸಿನಲ್ಲಿದ್ದರೆ, ಕೆಂಪು. ನಮ್ಮವರ ಹೆಸರು ಹೇಳಬೇಕೆಂದರೆ ಖಾದಿ. ಇರಾಕ್ ಯುದ್ಧದಂಥವನ್ನು ಒಪ್ಪದವರಿಗೆ, ಬಾಂಬಿನಡಿ ಸತ್ತ ಮಕ್ಕಳನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಎನ್ನುವವರಿಗೆ ಬಿಳಿ, ಇಲ್ಲವೇ ಕೆಂಪು ಬಿಳಿ ಎರಡೂ. ಇನ್ನೂ ತೀರ್ಮಾನವಾಗದವರಿಗೆ ನನ್ನ ಸಲಹೆ: ಮೊದಲ ವರ್ಷ ಏನೂ ಧರಿಸಬೇಡಿ. ಯಾರಾದರೂ ಕೇಳಿದರೆ "ಇನ್ನೂ ಓದಿ ತಿಳಿದುಕೊಳ್ಳುತ್ತಿದ್ದೇನೆ" ಎನ್ನಿ, ಸಾಕು. ಅದಕ್ಕೆ ಬೇಸರಪಟ್ಟುಕೊಂಡವರನ್ನು ನಾನು ಈವರೆಗೆ ಕಂಡಿಲ್ಲ.

ಆಫೀಸಿನಲ್ಲಿ ಧರಿಸಲೇಬೇಕೆಂಬ ಕಾನೂನು ಇಲ್ಲ. ಆಸ್ಪತ್ರೆ, ಅಡುಗೆಮನೆ, ಶಿಶುವಿಹಾರದಲ್ಲಿ ಕೆಲಸ ಮಾಡುವವರು ಪಿನ್ನಿನ ಹೂವಿನ ಬಗ್ಗೆ ಮೊದಲೇ ವಿಚಾರಿಸಿ. ಎಡಕ್ಕೋ ಬಲಕ್ಕೋ, ಎಲೆ ಹನ್ನೊಂದು ಗಂಟೆಯ ಕಡೆ ತಿರುಗಿರಬೇಕೋ ಎಂಬ ಚರ್ಚೆಗೆ ತಲೆ ಕೆಡಿಸಿಕೊಳ್ಳಬೇಡಿ, ಬ್ರಿಟನ್ನಿನಲ್ಲಿ ಅಂಥ ನಿಯಮವಿಲ್ಲ. ಕೆನಡಾದಲ್ಲಿರುವವರು ಮಾತ್ರ ಎಡಗಡೆ, ಹೃದಯದ ಬದಿಗೆ ಧರಿಸುವ ರೂಢಿ ಪಾಲಿಸಿ. ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ 11ರವರೆಗೆ ಧರಿಸುವುದು ವಾಡಿಕೆ. ಸ್ಮರಣೆಯ ಭಾನುವಾರ ಅದರ ಆಚೆಗೆ ಬಿದ್ದರೆ ಅಲ್ಲಿಯವರೆಗೆ. 11ರ ಬೆಳಗ್ಗೆ 11 ಗಂಟೆಯ ಎರಡು ನಿಮಿಷದ ಮೌನಕ್ಕೆ ಮಾತ್ರ, ಹೂ ಇರಲಿ ಬಿಡಲಿ, ಎದ್ದು ನಿಲ್ಲಿ. ಪಕ್ಕದಲ್ಲಿ ನಿಂತವರು ಯಾರನ್ನು ನೆನೆಯುತ್ತಿದ್ದಾರೋ ನಮಗೇನು ಗೊತ್ತು.

ನವೆಂಬರ್ 1 ಇದರ ನಡುವೆಯೇ ಬರುತ್ತದೆ. ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಹೊರಟಾಗ ಎದೆಯ ಮೇಲೆ ಹಳದಿ ಕೆಂಪು ಬ್ಯಾಡ್ಜೂ ಇರುತ್ತದೆ, ಪಾಪ್ಪಿಯೂ ಇರುತ್ತದೆ. ಎರಡೂ ಒಟ್ಟಿಗೆ ಇದ್ದರೆ ತಪ್ಪಿಲ್ಲ. ರೇಷ್ಮೆ ಸೀರೆಗೆ ಮಾತ್ರ ಪಿನ್ನು ಬೇಡ, ಎಳೆ ಕೀಳುತ್ತದೆ. ರವಿಕೆಯ ಹೆಗಲಿಗೋ ಶಾಲಿಗೋ ಚುಚ್ಚಿ. ಮತ್ತು ದಯವಿಟ್ಟು, ನಮ್ಮ ಸಮಾರಂಭದಲ್ಲಿ "ನೀವ್ಯಾಕೆ ಹಾಕಿಲ್ಲ?" ಎಂದಾಗಲಿ "ನೀವ್ಯಾಕೆ ಹಾಕಿದ್ರಿ?" ಎಂದಾಗಲಿ ಕೇಳಬೇಡಿ. ಅವರಾಗಿ ಹೇಳಿದರೆ ಕೂತು ಕೇಳಿ.

ಮಕ್ಕಳ ವಿಷಯ ಕೊಂಚ ಬೇರೆ. ಶಾಲೆಯಲ್ಲಿ ಹೂ ಕೊಟ್ಟು ಮನೆಗೆ ಕಳಿಸುತ್ತಾರೆ, ಎಲ್ಲರಂತೆ ಇರಬೇಕೆಂಬ ಆಸೆ ಮಕ್ಕಳಿಗೆ. ನಮ್ಮ ನಿಲುವನ್ನು ಅವರ ಅಂಗಿಗೆ ಚುಚ್ಚುವುದು ಬೇಡ. ಕಥೆ ಹೇಳೋಣ: ಮಣ್ಣಿನಲ್ಲಿ ಮಲಗಿದ್ದ ಬೀಜದ್ದು, ಈಟಿ ಹಿಡಿದ ಮೈಸೂರಿನ ಸವಾರರದು, ಜಲಿಯನ್‌ವಾಲಾ ಬಾಗಿನದು. ವಯಸ್ಸಿಗೆ ತಕ್ಕಷ್ಟು.

ಹೋದ ನವೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ನನ್ನ ಕೋಟಿನ ಮೇಲೆ ಬಿಳಿ ಹೂ ಇತ್ತು. ಡಬ್ಬಿಗೆ ಹಣ ಹಾಕಿದೆ, ಹೂ ತೆಗೆದುಕೊಳ್ಳಲಿಲ್ಲ. ಮೇಜಿನ ಹಿಂದಿದ್ದ ಅಜ್ಜ ನನ್ನ ಹೂ ನೋಡಿದರು, ನನ್ನನ್ನೂ ನೋಡಿದರು, "ಥ್ಯಾಂಕ್ಯೂ" ಎಂದರು. ಮಗಳು ಕೆಂಪು ಬೇಕೆಂದಳು. ಅವರು ಮೇಜು ಸುತ್ತಿಕೊಂಡು ಈಚೆ ಬಂದು, ಮಂಡಿ ನೋಯುತ್ತಿದ್ದರೂ ಅವಳ ಎತ್ತರಕ್ಕೆ ಬಗ್ಗಿದರು. ಪಿನ್ನನ್ನು ಒಮ್ಮೆ ಬಟ್ಟೆಯೊಳಗೆ ತೂರಿಸಿ, ಹೊರಗೆ ತೆಗೆದು, ದಂಟಿನ ಮೇಲೆ ದಾಟಿಸಿ, ಮತ್ತೆ ಬಟ್ಟೆಯೊಳಗೆ ತೂರಿಸಿದರು. ತುದಿ ಮಡಿಕೆಯೊಳಗೆ ಮರೆಯಾಯಿತು. "ಹೀಗೆ ಹಾಕಿದರೆ ಚುಚ್ಚುವುದಿಲ್ಲ" ಎಂದು ಅವಳ ಬೆರಳನ್ನು ಹಿಡಿದು ಅಲ್ಲಿ ಮುಟ್ಟಿಸಿ ತೋರಿಸಿದರು.